ಕಾದು ಕೊಳ್ಳುವವರ ಪರವಾಗಿ: ಕನ್ಸೋಲ್ ಕಂಪನಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಸೋನಿ, ಮೈಕ್ರೋಸಾಫ್ಟ್ ಮತ್ತು ನಿಂಟೆಂಡೊ ಕಂಪನಿಗಳಲ್ಲಿ ಗೇಮ್ ಕನ್ಸೋಲ್‌ಗಳ (ವಿಡಿಯೊ ಗೇಮ್ ಆಡುವ ಯಂತ್ರಗಳ) ಬೆಲೆ ನಿಗದಿ ಮಾಡುವ ಅಧಿಕಾರಿಗಳಿಗೆ

ವಿಷಯ: ಬಿಡುಗಡೆಯಾಗಿ ವರ್ಷಗಳು ಕಳೆದ ಕನ್ಸೋಲ್‌ಗಳ ಬೆಲೆ ಏರಿಕೆ ಹಾಗೂ ತಡವಾಗಿ ಕೊಳ್ಳುವವರಿಗೆ ಅದರಿಂದ ಆಗುತ್ತಿರುವ ತೊಂದರೆ

ಮಾನ್ಯರೇ,

2025ರ ಆಗಸ್ಟ್ 20ರಂದು ಸೋನಿ ಒಂದು ಚಿಕ್ಕ ಪ್ರಕಟಣೆ ಹೊರಡಿಸಿತು. ಅಮೆರಿಕದಲ್ಲಿ ಪ್ಲೇಸ್ಟೇಷನ್ 5ರ ಎಲ್ಲ ಮಾದರಿಗಳ ಬೆಲೆ 50 ಡಾಲರ್ ಏರುತ್ತದೆ, ಹೊಸ ಬೆಲೆ ಮರುದಿನದಿಂದಲೇ ಜಾರಿಗೆ ಬರುತ್ತದೆ ಎಂಬುದು ಅದರ ಸಾರ. 2020ರ ನವೆಂಬರ್‌ನಲ್ಲಿ 399 ಡಾಲರಿಗೆ ಮಾರುಕಟ್ಟೆಗೆ ಬಂದ, ಗೇಮ್ ಡಿಸ್ಕ್ ಹಾಕಲು ಜಾಗವಿಲ್ಲದ ಡಿಜಿಟಲ್ ಮಾದರಿ 2023ರಲ್ಲಿ ತೆಳುವಾದ ಹೊಸ ರೂಪ ಪಡೆದಾಗ 449 ಡಾಲರ್ ಆಗಿತ್ತು. ಈ ಪ್ರಕಟಣೆಯೊಂದಿಗೆ ಅದು 499ಕ್ಕೆ ಮುಟ್ಟಿತು. ಮೊದಲ ದಿನ ಕೊಂಡವರಿಗಿಂತ, ಐದು ವರ್ಷ ತಾಳ್ಮೆಯಿಂದ ಕಾದು ಹಣ ಕೂಡಿಸಿದವರು 100 ಡಾಲರ್ ಹೆಚ್ಚು ತೆರಬೇಕಾಯಿತು. (ಈ ಪತ್ರದುದ್ದಕ್ಕೂ ಬೆಲೆಗಳ ಕೊನೆಗೆ ಅಂಟಿಕೊಂಡಿರುವ 99 ಸೆಂಟ್‌ಗಳನ್ನು ಕೈಬಿಟ್ಟಿದ್ದೇನೆ, ಬೇರೆ ದೇಶವೆಂದು ಹೇಳದ ಕಡೆಯೆಲ್ಲ ಇರುವುದು ಅಮೆರಿಕದ ಬೆಲೆ.)

ಈ ಪತ್ರ ಸೋನಿಯೊಂದಕ್ಕೇ ಬರೆದದ್ದಲ್ಲ. ಅದೇ ತಿಂಗಳ ಮೊದಲ ದಿನ ನಿಂಟೆಂಡೊ, ಆಗಲೇ ಎಂಟು ವರ್ಷ ಹಳೆಯದಾಗಿದ್ದ ಸ್ವಿಚ್‌ನ ಬೆಲೆಯನ್ನು ಏರಿಸುವುದಾಗಿ ಹೇಳಿ ಎರಡೇ ದಿನಗಳಲ್ಲಿ ಏರಿಸಿತ್ತು. ಮೈಕ್ರೋಸಾಫ್ಟ್ ಅದೇ ವರ್ಷ ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಎಕ್ಸ್‌ಬಾಕ್ಸ್ ಬೆಲೆಯನ್ನು ಮೇಲಕ್ಕೊಯ್ದಿತು. ನಿಮ್ಮ ಮೂವರ ನಡುವೆ ಗೇಮ್‌ಗಳ ವಿಷಯದಲ್ಲಿ, ತಂತ್ರಜ್ಞಾನದ ವಿಷಯದಲ್ಲಿ ಎಷ್ಟೇ ಪೈಪೋಟಿ ಇರಲಿ, ಹಳೆಯ ಯಂತ್ರವನ್ನು ಹೊಸದಾಗಿದ್ದಾಗಿನ ಬೆಲೆಗಿಂತ ಹೆಚ್ಚಿಗೆ ಮಾರುವ ವಿಷಯದಲ್ಲಿ ಮಾತ್ರ ನೀವು ಒಂದೇ ಹಾದಿ ಹಿಡಿದಿದ್ದೀರಿ. ಆದ್ದರಿಂದ ಮೂವರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ಬಿಡುಗಡೆಯ ದಿನವೇ ಕನ್ಸೋಲ್ ಕೊಳ್ಳುವ ವರ್ಗಕ್ಕೆ ನಾನು ಸೇರಿದವನಲ್ಲ. ಬೆಲೆ ಇಳಿಯಲಿ, ಗೇಮ್‌ಗಳು ಸಾಲಾಗಿ ಬರಲಿ, ಮೊದಲ ಕಂತಿನ ಯಂತ್ರಗಳಲ್ಲಿರುವ ದೋಷಗಳು ಸರಿಯಾಗಲಿ ಎಂದು ಕಾದು ಕೊಳ್ಳುವವರಲ್ಲಿ ಒಬ್ಬ. ನಮ್ಮಂಥವರ ಸಂಖ್ಯೆ ಚಿಕ್ಕದಲ್ಲ. ಈ ಉದ್ಯಮ ಇಷ್ಟು ಎತ್ತರಕ್ಕೆ ಬೆಳೆದಿರುವುದರಲ್ಲಿ ನಮ್ಮ ಪಾಲು ಎಷ್ಟೆಂಬುದು ನಿಮ್ಮದೇ ಲೆಕ್ಕಪುಸ್ತಕಗಳಲ್ಲಿದೆ.

ಮೊದಲ ಪ್ಲೇಸ್ಟೇಷನ್‌ನ ಇತಿಹಾಸವನ್ನೇ ನೋಡಿ. 1995ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಮೊದಲ ಇ3 ವಿಡಿಯೊ ಗೇಮ್ ಮೇಳದಲ್ಲಿ ಪ್ರತಿಸ್ಪರ್ಧಿ ಕಂಪನಿ ಸೆಗಾ ತನ್ನ ಸ್ಯಾಟರ್ನ್ ಕನ್ಸೋಲಿಗೆ 399 ಡಾಲರ್ ಎಂದು ಸಾರಿತು. ಅಂದೇ ಸೋನಿಯ ಪರವಾಗಿ ವೇದಿಕೆ ಹತ್ತಿದ ಸ್ಟೀವ್ ರೇಸ್ "299" ಎಂದಷ್ಟೇ ಹೇಳಿ ಕೆಳಗಿಳಿದರು. ಆ ಒಂದು ಸಂಖ್ಯೆಯ ಕಥೆಯನ್ನು ಗೇಮಿಂಗ್ ಲೋಕ ಇಂದಿಗೂ ಹೇಳಿಕೊಳ್ಳುತ್ತದೆ. ಆದರೆ ಅದರ ನಂತರ ನಡೆದದ್ದು ನನ್ನ ದೃಷ್ಟಿಯಲ್ಲಿ ಇನ್ನೂ ಮುಖ್ಯವಾದುದು. ಆ 299 ಮರುವರ್ಷ ಮೇ ತಿಂಗಳಲ್ಲಿ 199 ಆಯಿತು. 1997ರ ಮಾರ್ಚ್‌ನಲ್ಲಿ 149. 1998ರ ಆಗಸ್ಟ್‌ನಲ್ಲಿ 129. 1999ರ ಆಗಸ್ಟ್‌ನಲ್ಲಿ 99. ಬಿಡುಗಡೆಯಾದ ನಾಲ್ಕು ವರ್ಷಗಳೊಳಗೆ ಬೆಲೆ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಪ್ರತಿ ಇಳಿಕೆಯೂ ಅದುವರೆಗೆ ಅಂಗಡಿಯ ಗಾಜಿನಾಚೆ ನಿಂತು ನೋಡುತ್ತಿದ್ದ ಇನ್ನೊಂದು ಗುಂಪಿಗೆ ಬಾಗಿಲು ತೆರೆಯುತ್ತಿತ್ತು.

ಪ್ಲೇಸ್ಟೇಷನ್ 2 ಇದೇ ದಾರಿಯಲ್ಲಿ ಇನ್ನೂ ದೂರ ನಡೆಯಿತು. 2000ದ ಅಕ್ಟೋಬರ್‌ನಲ್ಲಿ 299 ಡಾಲರಿಗೆ ಶುರುವಾಗಿ 2002ರಲ್ಲಿ 199, 2004ರಲ್ಲಿ 149, 2006ರಲ್ಲಿ 129, ಕೊನೆಗೆ 2009ರ ಏಪ್ರಿಲ್‌ನಲ್ಲಿ 99 ಡಾಲರಿಗೆ ಬಂದು ನಿಂತಿತು. 2005ರ ನವೆಂಬರ್ ಕೊನೆಗೆ ಸೋನಿ ಜಗತ್ತಿನಾದ್ಯಂತ 10 ಕೋಟಿ ಯಂತ್ರಗಳನ್ನು ಮಾರುಕಟ್ಟೆಗೆ ಕಳುಹಿಸಿತ್ತು. ತಯಾರಿಕೆ ನಿಲ್ಲುವ ಹೊತ್ತಿಗೆ ಒಟ್ಟು ಸಂಖ್ಯೆ 15.5 ಕೋಟಿಯನ್ನು ದಾಟಿತ್ತು. ಅಂದರೆ 5.5 ಕೋಟಿಗೂ ಹೆಚ್ಚು ಯಂತ್ರಗಳು ಹೋದದ್ದು ಎಕ್ಸ್‌ಬಾಕ್ಸ್ 360 ಆಗಲೇ ಬಂದ ಮೇಲೆ, ಪ್ಲೇಸ್ಟೇಷನ್ 3 ಬಾಗಿಲಲ್ಲಿ ನಿಂತಿದ್ದಾಗ ಮತ್ತು ಆನಂತರ. ಆ ಕಾಲದಲ್ಲಿ 'ಹಳೆಯದು' ಎನಿಸಿಕೊಂಡ ಯಂತ್ರವನ್ನು ಕಡಿಮೆ ಬೆಲೆಗೆ ಕೊಂಡು ಮನೆಗೊಯ್ದವರು ಈ ಕಾದು ಕೊಳ್ಳುವ ಜನ. ಇಂದಿಗೂ ಮುರಿಯದ ಆ ಮಾರಾಟದ ದಾಖಲೆ ಅವರಿಲ್ಲದೆ ಆಗುತ್ತಿರಲಿಲ್ಲ.

ಆ ಇಳಿಕೆಯನ್ನು ನೀವು ದಾನವಾಗಿ ಕೊಟ್ಟಿರಲಿಲ್ಲ, ನಾವು ದಾನವೆಂದು ಪಡೆಯಲೂ ಇಲ್ಲ. ಅದರ ಹಿಂದೆ ಗಟ್ಟಿಯಾದ ಲೆಕ್ಕಾಚಾರವಿತ್ತು. ಕನ್ಸೋಲಿನ ಹೃದಯಭಾಗದಲ್ಲಿರುವ ಚಿಪ್‌ಗಳನ್ನು ಕೆಲವು ವರ್ಷಗಳಿಗೊಮ್ಮೆ ಇನ್ನಷ್ಟು ಸೂಕ್ಷ್ಮ ಅಳತೆಯಲ್ಲಿ ಅಚ್ಚು ಹಾಕುವುದು ಸಾಧ್ಯವಾಗುತ್ತಿತ್ತು. ಒಂದೇ ಸಿಲಿಕಾನ್ ಬಿಲ್ಲೆಯಿಂದ ಹೆಚ್ಚು ಚಿಪ್‌ಗಳು ದೊರೆಯುತ್ತಿದ್ದವು, ಅವು ಕಡಿಮೆ ವಿದ್ಯುತ್ ಕುಡಿಯುತ್ತಿದ್ದವು, ಹೀಗಾಗಿ ಚಿಕ್ಕ ಫ್ಯಾನು, ಚಿಕ್ಕ ವಿದ್ಯುತ್ ಘಟಕ, ಚಿಕ್ಕ ಪೆಟ್ಟಿಗೆ ಸಾಕಾಗಿ ಸಾಗಾಟದ ಖರ್ಚೂ ತಗ್ಗುತ್ತಿತ್ತು. ಪ್ಲೇಸ್ಟೇಷನ್ 2ರ ಮುಖ್ಯ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡೂ ಮುಂದೆ ಒಂದೇ ಚಿಪ್‌ನೊಳಗೆ ಅಡಕವಾದವು. 2010ರ ಎಕ್ಸ್‌ಬಾಕ್ಸ್ 360ರಲ್ಲೂ ಹೀಗೆಯೇ ಆಯಿತು. ಇನ್ನೊಂದು ಕಡೆ, ಯಂತ್ರದ ಮೇಲೆ ಆಗುವ ನಷ್ಟವನ್ನು ಗೇಮ್‌ಗಳ ಮಾರಾಟದಲ್ಲಿ ಸಿಗುವ ಪಾಲಿನಿಂದ ತುಂಬಿಕೊಳ್ಳುವುದು ಈ ಉದ್ಯಮದ ಹಳೆಯ ಪದ್ಧತಿ. ಗೇಮ್ ತಯಾರಿಸುವ ಎಪಿಕ್ ಕಂಪನಿ ಮತ್ತು ಆಪಲ್ ನಡುವಿನ ಮೊಕದ್ದಮೆಯಲ್ಲಿ 2021ರಲ್ಲಿ ಸಾಕ್ಷ್ಯ ನುಡಿದ ಮೈಕ್ರೋಸಾಫ್ಟ್ ಅಧಿಕಾರಿಯೊಬ್ಬರು, ಎಕ್ಸ್‌ಬಾಕ್ಸ್ ಯಂತ್ರಗಳ ಮಾರಾಟದಿಂದ ಕಂಪನಿ ಎಂದೂ ಲಾಭ ಗಳಿಸಿಲ್ಲ ಎಂದು ಹೇಳಿದ್ದರು. ಹೆಚ್ಚು ಮನೆಗಳಿಗೆ ಯಂತ್ರ ಹೋದಷ್ಟೂ ಹೆಚ್ಚು ಗೇಮ್‌ಗಳು ಮಾರಾಟವಾಗುತ್ತವೆ ಎಂಬ ತರ್ಕದಲ್ಲಿ ಬೆಲೆ ಇಳಿಸುವುದೇ ಲಾಭದ ದಾರಿಯಾಗಿತ್ತು. ನಿಮ್ಮ ಹಿತವೂ ನಮ್ಮ ಹಿತವೂ ಒಂದೇ ದಿಕ್ಕಿನಲ್ಲಿದ್ದ ಕಾಲ ಅದು. ತಾಳಿದವನು ಬಾಳಿಯಾನು ಎಂಬ ಮಾತು ಈ ಮಾರುಕಟ್ಟೆಯ ಮಟ್ಟಿಗೆ ಅಕ್ಷರಶಃ ನಿಜವಾಗಿತ್ತು.

ಅತಿ ದುಬಾರಿಯಾಗಿ ಆರಂಭವಾದ ಯಂತ್ರಗಳಿಗೂ ಇದೇ ನಿಯಮ ಅನ್ವಯಿಸುತ್ತಿತ್ತು. 2006ರಲ್ಲಿ ಪ್ಲೇಸ್ಟೇಷನ್ 3ರ 60 ಜಿಬಿ ಮಾದರಿಗೆ 599 ಡಾಲರ್ ಎಂದಾಗ ಎದ್ದ ಅಸಮಾಧಾನ ಸಣ್ಣದಲ್ಲ. ಆದರೆ ಮೂರೇ ವರ್ಷಗಳಲ್ಲಿ ತೆಳು ಮಾದರಿ 299 ಡಾಲರಿಗೆ ಸಿಕ್ಕಿತು. ಆ ಇಳಿಕೆಗೆ ನಾವು ತೆತ್ತ ಬೆಲೆಯೂ ಇತ್ತೆಂಬುದನ್ನು ಮರೆಯುವಂತಿಲ್ಲ. 2007ರ ಕೊನೆಯಲ್ಲಿ 399 ಡಾಲರಿಗೆ ಬಂದ 40 ಜಿಬಿ ಮಾದರಿಯಲ್ಲಿ ಪ್ಲೇಸ್ಟೇಷನ್ 2ರ ಗೇಮ್ ಡಿಸ್ಕ್‌ಗಳು ನಡೆಯುತ್ತಿರಲಿಲ್ಲ, ನಾಲ್ಕಿದ್ದ ಯುಎಸ್‌ಬಿ ಕಿಂಡಿಗಳು ಎರಡಾಗಿದ್ದವು, ಮೆಮೊರಿ ಕಾರ್ಡ್ ಓದುವ ಸೌಲಭ್ಯವನ್ನು ತೆಗೆದುಹಾಕಲಾಗಿತ್ತು. ಆದರೂ ಅದರಲ್ಲಿ ಒಂದು ಪ್ರಾಮಾಣಿಕತೆ ಇತ್ತು: ಕಡಿಮೆ ವಸ್ತುವಿಗೆ ಕಡಿಮೆ ಬೆಲೆ. ಯಾವುದು ತನಗೆ ಬೇಕೆಂದು ಗ್ರಾಹಕ ಅಳೆದು ತೂಗಿ ನೋಡಬಹುದಿತ್ತು.

ಗ್ರಾಹಕನ ಬಗೆಗಿನ ಗೌರವಕ್ಕೆ ನಾನು ಮುಂದಿಡುವ ಉದಾಹರಣೆ 2011ರದು. ಆ ವರ್ಷ ಮಾರ್ಚ್‌ನಲ್ಲಿ ನಿಂಟೆಂಡೊ 3ಡಿಎಸ್ ಎಂಬ ಕೈಯಲ್ಲಿ ಹಿಡಿಯುವ ಕನ್ಸೋಲನ್ನು 249 ಡಾಲರಿಗೆ ಹೊರತಂದಿತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಐದೇ ತಿಂಗಳಲ್ಲಿ, ಆಗಸ್ಟ್ 12ರಂದು, ಬೆಲೆಯನ್ನು 169 ಡಾಲರಿಗೆ ಇಳಿಸಲಾಯಿತು. ಅಷ್ಟರೊಳಗೆ ಪೂರ್ಣ ಬೆಲೆ ತೆತ್ತು ಕೊಂಡವರು ಮೋಸಹೋದೆವೆಂದು ಭಾವಿಸುವುದು ಸಹಜವೆಂದು ಕಂಪನಿಗೆ ಅರ್ಥವಾಯಿತು. ಅಂಥವರಿಗೆ ತನ್ನ ಹಳೆಯ ಕನ್ಸೋಲ್‌ಗಳಾದ ಎನ್‌ಇಎಸ್‌ನ ಹತ್ತು ಗೇಮ್‌ಗಳನ್ನೂ ಗೇಮ್‌ಬಾಯ್ ಅಡ್ವಾನ್ಸ್‌ನ ಹತ್ತು ಗೇಮ್‌ಗಳನ್ನೂ ಉಚಿತವಾಗಿ ಕೊಟ್ಟಿತು. ಅಧ್ಯಕ್ಷರಾಗಿದ್ದ ಸತೋರು ಇವಾಟ ತಮ್ಮ ನಿಗದಿತ ಸಂಬಳದ ಅರ್ಧವನ್ನು ಬಿಟ್ಟುಕೊಟ್ಟರು. ಬೆಲೆ ನಿರ್ಧಾರದಲ್ಲಿ ಆದ ತಪ್ಪಿನ ಹೊರೆಯನ್ನು ಗ್ರಾಹಕನ ಹೆಗಲಿಗೆ ದಾಟಿಸದೆ ಕಂಪನಿಯೇ ಹೊತ್ತುಕೊಂಡ ರೀತಿ ಅದು. ಇಪ್ಪತ್ತು ಗೇಮ್‌ಗಳು 80 ಡಾಲರಿಗೆ ಸಮವೇ ಎಂಬ ಪ್ರಶ್ನೆ ಬೇರೆ. ಮೊದಲು ಕೊಂಡವರಿಗೆ ಉತ್ತರ ಹೇಳಬೇಕಾದ ಹೊಣೆ ತನಗಿದೆ ಎಂದು ಕಂಪನಿಯೊಂದು ಒಪ್ಪಿಕೊಂಡಿತ್ತು ಎಂಬುದೇ ನನಗೆ ದೊಡ್ಡದು.

ಈಗಿನ ಬೆಲೆ ಏರಿಕೆಗಳಲ್ಲಿ ಆ ಹೊಣೆಯ ಸುಳಿವು ನನಗೆ ಕಾಣುತ್ತಿಲ್ಲ.

ಗಾಳಿ ಬದಲಾದದ್ದು 2022ರ ಆಗಸ್ಟ್‌ನಲ್ಲಿ. ಜಾಗತಿಕ ಹಣದುಬ್ಬರ ಮತ್ತು ವಿನಿಮಯ ದರಗಳ ಏರುಪೇರನ್ನು ಕಾರಣವಾಗಿ ತೋರಿಸಿ ಸೋನಿ ಯುರೋಪ್, ಬ್ರಿಟನ್, ಜಪಾನ್, ಕೆನಡಾ ಮುಂತಾದ ಕಡೆ ಪ್ಲೇಸ್ಟೇಷನ್ 5ರ ಬೆಲೆಯನ್ನು ಏರಿಸಿತು. ಯುರೋಪಿನಲ್ಲಿ ಡಿಸ್ಕ್ ಡ್ರೈವ್ ಇರುವ ಮಾದರಿ 499 ಯೂರೋ ಇದ್ದದ್ದು 549 ಆಯಿತು. ಇದಕ್ಕೆ ಸರಿಯಾಗಿ ಒಂದು ವರ್ಷದ ಹಿಂದೆ, 2021ರ ಆಗಸ್ಟ್‌ನಲ್ಲಿ, ಡಿಸ್ಕ್ ಡ್ರೈವ್ ಇರುವ ಮಾದರಿಯನ್ನು ಇನ್ನು ನಷ್ಟಕ್ಕೆ ಮಾರುತ್ತಿಲ್ಲವೆಂದು ಇದೇ ಕಂಪನಿ ಹೂಡಿಕೆದಾರರ ಮುಂದೆ ಹೇಳಿತ್ತು. ಹೂಡಿಕೆದಾರರಿಗೆ ಹೇಳಿದ ಶುಭವಾರ್ತೆಯಲ್ಲಿ ಗ್ರಾಹಕರಿಗೆ ಪಾಲು ಬರಲಿಲ್ಲ, ಖರ್ಚು ಹೆಚ್ಚಿದೆಯೆಂಬ ಅಶುಭವಾರ್ತೆ ಮಾತ್ರ ನೇರವಾಗಿ ನಮ್ಮ ಜೇಬಿಗೆ ತಲುಪಿತು. 2023ರಲ್ಲಿ ಮೈಕ್ರೋಸಾಫ್ಟ್ ಅದೇ ದಾರಿ ಹಿಡಿಯಿತು. ಜಪಾನಿನಲ್ಲಿ ಪ್ಲೇಸ್ಟೇಷನ್ 5 ಬಿಡುಗಡೆಯಾದಾಗ ತೆರಿಗೆ ಸೇರಿ 54,978 ಯೆನ್ ಇತ್ತು. 2024ರ ಸೆಪ್ಟೆಂಬರ್ 2ರಿಂದ ಅದು 79,980 ಯೆನ್ ಆಯಿತು. ಇನ್ನು 2025ರ ಕಥೆಯನ್ನು ಮೇಲೆಯೇ ಹೇಳಿದ್ದೇನೆ. ಅದರಲ್ಲಿ ನನಗೆ ಹೆಚ್ಚು ನೋವು ತಂದದ್ದು ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನ ಪಾಡು. ಹೊಸ ಪೀಳಿಗೆಯ ಗೇಮ್‌ಗಳಿಗೆ ಅತಿ ಕಡಿಮೆ ಖರ್ಚಿನ ದಾರಿ ಎಂದು 299 ಡಾಲರಿಗೆ ಬಂದಿದ್ದ ಯಂತ್ರ ಅದು. ಮೇ ತಿಂಗಳಲ್ಲಿ 379, ಅಕ್ಟೋಬರ್‌ನಲ್ಲಿ 399. ಬಡವರ ಆಯ್ಕೆಯಾಗಿ ತಂದ ಯಂತ್ರವೇ ಐದು ವರ್ಷಗಳಲ್ಲಿ ಮೂರನೇ ಒಂದು ಭಾಗದಷ್ಟು ದುಬಾರಿಯಾಯಿತು.

ನಿಮ್ಮ ಕಡೆಯ ಸಮರ್ಥನೆಗಳನ್ನು ನಾನು ತಳ್ಳಿಹಾಕುವುದಿಲ್ಲ. ಹಣದುಬ್ಬರದ ವಿಷಯ ಮೊದಲು. 1995ರ 299 ಡಾಲರ್ ಇಂದಿನ ಲೆಕ್ಕದಲ್ಲಿ 600ಕ್ಕೂ ಹೆಚ್ಚು. ಆ ಅಳತೆಯಿಂದ ನೋಡಿದರೆ 2025ರ ಆಗಸ್ಟ್‌ನಲ್ಲಿ 549 ಡಾಲರ್ ಆದ ಪ್ಲೇಸ್ಟೇಷನ್ 5 ಮೊದಲ ಪ್ಲೇಸ್ಟೇಷನ್‌ಗಿಂತ ತುಸು ಅಗ್ಗವೇ ಆಗಿತ್ತು. ಈ ಮಾತನ್ನು ಹೇಳುವವರು ಹೋಲಿಕೆಯನ್ನು ಬಿಡುಗಡೆಯ ದಿನಕ್ಕೇ ನಿಲ್ಲಿಸಿಬಿಡುತ್ತಾರೆ ಎಂಬುದೇ ನನ್ನ ತಕರಾರು. ಬಿಡುಗಡೆಯಾಗಿ ನಾಲ್ಕು ವರ್ಷಗಳಾಗುವ ಹೊತ್ತಿಗೆ ಮೊದಲ ಪ್ಲೇಸ್ಟೇಷನ್ 99 ಡಾಲರಿಗೆ, ಅಂದರೆ ಇಂದಿನ ಸುಮಾರು 200 ಡಾಲರಿಗಿಂತ ಕಡಿಮೆ ಹಣಕ್ಕೆ ಸಿಗುತ್ತಿತ್ತು. 2025ರ ಆಗಸ್ಟ್‌ನ ಏರಿಕೆಯ ನಂತರ, ಐದು ವರ್ಷ ಹಳೆಯ ಪ್ಲೇಸ್ಟೇಷನ್ 5ರ ಅತಿ ಕಡಿಮೆ ನಿಗದಿತ ಬೆಲೆ 499 ಆಗಿತ್ತು. ಮೊದಲ ದಿನ ಕೊಳ್ಳುವ ಶಕ್ತಿಯುಳ್ಳವರಿಗೆ ಕಾಲ ಅಷ್ಟೇನೂ ಬದಲಾಗಿಲ್ಲ ಎಂದು ಒಪ್ಪೋಣ. ಕಾದು ಕೊಳ್ಳುವವರಿಗೆ ಮಾತ್ರ ಎರಡೂವರೆ ಪಟ್ಟು ಹೊರೆ ಬಿದ್ದಿದೆ.

ಚಿಪ್‌ಗಳ ಮಾತೂ ನಿಜ. ಅಳತೆ ಕುಗ್ಗಿದರೆ ವೆಚ್ಚವೂ ಕುಗ್ಗುತ್ತದೆ ಎಂಬ ಹಳೆಯ ನಂಬಿಕೆ ಈಗ ಮೊದಲಿನಂತೆ ನಡೆಯುತ್ತಿಲ್ಲ. ಅತಿ ಸೂಕ್ಷ್ಮ ಅಳತೆಯ ತಯಾರಿಕೆಗೆ ಬೇಕಾದ ಬಂಡವಾಳ ಎಷ್ಟು ಬೆಳೆದಿದೆಯೆಂದರೆ, ಚಿಪ್ ಚಿಕ್ಕದಾದರೂ ಅದರ ಬೆಲೆ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಪ್ಲೇಸ್ಟೇಷನ್ 5ರ ಚಿಪ್ 7 ನ್ಯಾನೋಮೀಟರಿನಿಂದ 6ಕ್ಕೆ ಹೋದಾಗ, ಒಂದು ಕಾಲದಲ್ಲಿ 90ರಿಂದ 65ಕ್ಕೆ ಹೋದಾಗ ದೊರೆತಷ್ಟು ಉಳಿತಾಯ ಸಿಗಲಾರದು. 2025ರಲ್ಲಿ ಅಮೆರಿಕದ ಆಮದು ಸುಂಕಗಳು ಬಂದವು. ಅವುಗಳ ಗೊಂದಲದಲ್ಲೇ ನಿಂಟೆಂಡೊದ ಹೊಸ ಕನ್ಸೋಲ್ ಸ್ವಿಚ್ 2ರ ಮುಂಗಡ ಬುಕಿಂಗ್ ಅಲ್ಲಿ ಏಪ್ರಿಲ್ 9ರಿಂದ 24ಕ್ಕೆ ಮುಂದೆ ಹೋಯಿತು. ಅದೇ ವರ್ಷದ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿ ಅವುಗಳ ಬೆಲೆ ಏರಿತು. ಇವೆಲ್ಲ ನಿಮ್ಮ ಕೈಮೀರಿದ ಸಂಗತಿಗಳು. ಒಪ್ಪುತ್ತೇನೆ.

ಆದರೆ ಈ ಕಾರಣಗಳು ಯಾವುವೂ ಇಲ್ಲದಿದ್ದ ಕಾಲದಲ್ಲಿಯೂ ಬೆಲೆ ಇಳಿಯುವುದು ನಿಂತುಹೋಗಿತ್ತಲ್ಲ? 2017ರ ಮಾರ್ಚ್‌ನಲ್ಲಿ 299 ಡಾಲರಿಗೆ ಬಂದ ಸ್ವಿಚ್‌ನ ಒಳಗಿದ್ದ ಚಿಪ್ ಆಗಲೇ ಹೊಸದೇನೂ ಆಗಿರಲಿಲ್ಲ. 2019ರಲ್ಲಿ ಅದನ್ನು ಇನ್ನೂ ಚಿಕ್ಕ ಅಳತೆಯಲ್ಲಿ ತಯಾರಿಸಲಾಯಿತು. ಬ್ಯಾಟರಿ ಹೆಚ್ಚು ಹೊತ್ತು ಬಾಳತೊಡಗಿತು. ಅಮೆರಿಕದಲ್ಲಿ ಬೆಲೆ ಮಾತ್ರ ಒಂದು ಡಾಲರೂ ಕದಲಲಿಲ್ಲ. ಎಂಟು ವರ್ಷಗಳ ನಂತರ ಅದು ಮೊದಲ ಬಾರಿಗೆ ಕದಲಿದ್ದು 339ಕ್ಕೆ, ಮೇಲ್ಮುಖವಾಗಿ. ಬೇಡಿಕೆ ಇರುವಾಗ ಇಳಿಸುವುದೇಕೆ ಎಂದು ನೀವು ಕೇಳಬಹುದು, ಮತ್ತು 15 ಕೋಟಿಗೂ ಹೆಚ್ಚು ಮಾರಾಟವಾದ ಯಂತ್ರದ ವಿಷಯದಲ್ಲಿ ವ್ಯಾಪಾರದ ತರ್ಕ ನಿಮ್ಮ ಪರವಾಗಿಯೇ ಇದೆ. ಹಾಗಿದ್ದರೆ ಅದನ್ನೇ ನೇರವಾಗಿ ಹೇಳಿ. ಖರ್ಚು ಇಳಿದಾಗ ಬೇಡಿಕೆಯ ಮಾತು, ಖರ್ಚು ಏರಿದಾಗ ಖರ್ಚಿನ ಮಾತು ಎಂದಾದರೆ, ಎರಡೂ ಸಂದರ್ಭಗಳಲ್ಲಿ ಸೋಲುವ ಪಕ್ಷ ಒಂದೇ.

ಮನಸ್ಸಿದ್ದರೆ ಮಾರ್ಗ ಎಂಬುದಕ್ಕೂ ನೀವೇ ಸಾಕ್ಷಿ. ಯೆನ್ ದುರ್ಬಲವಾಗಿ ಜಪಾನಿನ ಗ್ರಾಹಕರು ಬೆನ್ನು ತಿರುಗಿಸುವ ಅಪಾಯ ಕಂಡಾಗ ನಿಂಟೆಂಡೊ ಜಪಾನಿ ಭಾಷೆಯಲ್ಲಷ್ಟೇ ನಡೆಯುವ ಸ್ವಿಚ್ 2 ಮಾದರಿಯನ್ನು 49,980 ಯೆನ್‌ಗೆ ಇಟ್ಟಿತು. ಹಲವು ಭಾಷೆಗಳ ಮಾದರಿಗೆ 69,980. ಸೋನಿಯೂ 2025ರ ನವೆಂಬರ್‌ನಲ್ಲಿ ಇಂಥದೇ ಡಿಜಿಟಲ್ ಮಾದರಿಯನ್ನು 55,000 ಯೆನ್‌ಗೆ ತಂದಿತು. ಅಂದರೆ ಕೊಳ್ಳುವವರ ಶಕ್ತಿಯನ್ನು ನೋಡಿ ಬೆಲೆ ಕಟ್ಟುವುದು ನಿಮಗೆ ತಿಳಿಯದ ವಿದ್ಯೆಯಲ್ಲ.

ತಡವಾಗಿ ಕೊಳ್ಳುವವರು ಯಾರು ಎಂಬುದನ್ನು ಒಮ್ಮೆ ಯೋಚಿಸಿ. ಮಕ್ಕಳ ಶಾಲೆ, ಬಾಡಿಗೆ, ಔಷಧಿ ಇವೆಲ್ಲ ಮುಗಿದ ಮೇಲೆ ಉಳಿದದ್ದರಲ್ಲಿ ಸ್ವಲ್ಪ ಎತ್ತಿಡುವ ತಂದೆತಾಯಿಗಳು. ಮೊದಲ ಸಂಬಳಕ್ಕಾಗಿ ಕಾಯುತ್ತಿರುವ ಯುವಕ ಯುವತಿಯರು. ಹಳೆಯ ಯಂತ್ರ ಕೆಟ್ಟು, ತಾವು ಅದಾಗಲೇ ಕೊಂಡಿರುವ ಗೇಮ್‌ಗಳಿಗಾಗಿಯೇ ಮತ್ತೊಂದು ಕೊಳ್ಳಬೇಕಾದವರು. ಈ ಕೊನೆಯವರ ಪಾಡು ವಿಶೇಷವಾಗಿ ಕಷ್ಟದ್ದು, ಏಕೆಂದರೆ ಅವರಿಗೆ ಕಾಯುವ ಅವಕಾಶವೂ ಇಲ್ಲ, ಬೇರೆ ಕಂಪನಿಯ ಯಂತ್ರಕ್ಕೆ ಹೋಗುವ ಅವಕಾಶವೂ ಇಲ್ಲ. ಅವರ ಗೇಮ್ ಸಂಗ್ರಹವೆಲ್ಲ ನಿಮ್ಮ ಖಾತೆಯೊಂದಕ್ಕೆ ಕಟ್ಟಿಬಿದ್ದಿದೆ. ಇವರೆಲ್ಲರಿಗೂ ಇದ್ದ ಇನ್ನೊಂದು ಆಸರೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ. ಹೊಸ ಯಂತ್ರದ ಬೆಲೆ ಏರಿದರೆ ಬಳಸಿದ ಯಂತ್ರವನ್ನು ಮಾರುವವರೂ ಬೆಲೆ ಏರಿಸುತ್ತಾರೆ. ಬಳಸಿದ ಗೇಮ್ ಡಿಸ್ಕ್ ಕೊಂಡು ಖರ್ಚು ಉಳಿಸೋಣವೆಂದರೆ ಡಿಜಿಟಲ್ ಮಾದರಿಯಲ್ಲಿ ಡಿಸ್ಕ್ ಹಾಕಲು ಜಾಗವೇ ಇಲ್ಲ. 2024ರಲ್ಲಿ 699 ಡಾಲರಿಗೆ ಬಂದು 2025ರ ಆಗಸ್ಟ್‌ನಲ್ಲಿ 749 ಆದ ಪ್ಲೇಸ್ಟೇಷನ್ 5 ಪ್ರೊ ಯಂತ್ರಕ್ಕೂ ಡಿಸ್ಕ್ ಡ್ರೈವ್ ಬೇಕೆಂದರೆ ಬೇರೆಯಾಗಿ ಸುಮಾರು 80 ಡಾಲರ್ ತೆರಬೇಕು. ಅದನ್ನು ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡಿಗೆ ಇನ್ನೊಂದು 30.

ಯಂತ್ರ ಮನೆಗೆ ಬಂದ ಮೇಲಿನ ಖರ್ಚೂ ಏರಿದೆ. 2020ರಲ್ಲಿ ದೊಡ್ಡ ಗೇಮ್‌ಗಳು 59ರಿಂದ 69 ಡಾಲರಿಗೆ ಹೋದವು. 2025ರಲ್ಲಿ ಸ್ವಿಚ್ 2ರ ಮಾರಿಯೋ ಕಾರ್ಟ್ ವರ್ಲ್ಡ್ ಗೇಮ್ 79 ಡಾಲರಿಗೆ ಬಂತು. ಸೋನಿಯ ಆನ್‌ಲೈನ್ ಸೇವೆ ಪ್ಲೇಸ್ಟೇಷನ್ ಪ್ಲಸ್ ಎಸೆನ್ಷಿಯಲ್‌ನ ವಾರ್ಷಿಕ ಚಂದಾ 2023ರಲ್ಲಿ 59ರಿಂದ 79 ಆಯಿತು. ಮೈಕ್ರೋಸಾಫ್ಟ್‌ನ ಚಂದಾ ಸೇವೆ ಗೇಮ್ ಪಾಸ್ ಅಲ್ಟಿಮೇಟ್ ತಿಂಗಳಿಗೆ 19 ಇದ್ದದ್ದು 2025ರ ಅಕ್ಟೋಬರ್‌ನಲ್ಲಿ 29 ಆಯಿತು. ಯಂತ್ರದ ನಷ್ಟವನ್ನು ಗೇಮ್‌ಗಳಿಂದ, ಚಂದಾದಿಂದ ತುಂಬಿಕೊಳ್ಳುವ ಪದ್ಧತಿ ಇದ್ದ ಮೇಲೆ ಗೇಮ್ ಮತ್ತು ಚಂದಾಗಳ ಬೆಲೆ ಏರಿದಾಗ ಯಂತ್ರದ ಬೆಲೆ ಹಗುರವಾಗಬೇಕಿತ್ತು ಎಂದು ನಿರೀಕ್ಷಿಸುವುದು ತಪ್ಪಲ್ಲವೆಂದು ಭಾವಿಸುತ್ತೇನೆ.

ಇನ್ನೊಂದು ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಪ್ಲೇಸ್ಟೇಷನ್ 5 ಆರಂಭದಲ್ಲಿ 825 ಜಿಬಿ ಸಂಗ್ರಹದೊಂದಿಗೆ ಬಂದಿತ್ತು. ವ್ಯವಸ್ಥೆಯ ತಂತ್ರಾಂಶ ತನ್ನ ಪಾಲನ್ನು ತೆಗೆದುಕೊಂಡ ಮೇಲೆ ಬಳಕೆದಾರನಿಗೆ ಉಳಿಯುತ್ತಿದ್ದದ್ದು ಸುಮಾರು 667 ಜಿಬಿ. 100 ಜಿಬಿ ಮೀರುವ ಗೇಮ್‌ಗಳು ಸಾಮಾನ್ಯವಾಗಿರುವಾಗ ಐದಾರು ದೊಡ್ಡ ಗೇಮ್ ಹಾಕುವಷ್ಟರಲ್ಲಿ ಜಾಗ ಮುಗಿಯುತ್ತದೆ. ಹೊಸದೊಂದನ್ನು ಹಾಕಲು ಹಳೆಯದೊಂದನ್ನು ಅಳಿಸಬೇಕು, ಮತ್ತೆ ಬೇಕೆಂದಾಗ ಅಷ್ಟನ್ನೂ ಮರಳಿ ಇಳಿಸಿಕೊಳ್ಳಬೇಕು. ಈ ಕೊರತೆಯನ್ನು ಅರಿತೇ 2023ರ ತೆಳು ಮಾದರಿಯಲ್ಲಿ 1 ಟಿಬಿ ಕೊಡಲಾಯಿತು. ಆದರೆ 2025ರಲ್ಲಿ ಯುರೋಪಿನಲ್ಲಿ ಡಿಜಿಟಲ್ ಮಾದರಿಯ ಬೆಲೆಯನ್ನು 499 ಯೂರೋಗೆ ಏರಿಸಿದ ಕೆಲವು ತಿಂಗಳುಗಳಲ್ಲಿ ಅದೇ ಬೆಲೆಗೆ ಮತ್ತೆ 825 ಜಿಬಿಯ ಯಂತ್ರ ಅಂಗಡಿಗಳಿಗೆ ಬಂತು. ಹೊರನೋಟಕ್ಕೆ ಪೆಟ್ಟಿಗೆ ಅದೇ, ಯಂತ್ರದ ರೂಪವೂ ಅದೇ. ಬದಲಾದದ್ದು ಮಾದರಿ ಸಂಖ್ಯೆ ಮತ್ತು ಸಣ್ಣ ಅಕ್ಷರದ ವಿವರ. ಹಿಂದಿನ 40 ಜಿಬಿ ಪ್ಲೇಸ್ಟೇಷನ್ 3ರ ಸಂದರ್ಭದಲ್ಲಿ ಸೌಲಭ್ಯ ಕಡಿತಕ್ಕೆ ತಕ್ಕಂತೆ ಬೆಲೆಯೂ ಕಡಿತವಾಗಿತ್ತೆಂದು ಆಗಲೇ ಬರೆದೆ. ಇಲ್ಲಿ ಕಡಿತವಾದದ್ದು ವಸ್ತು ಮಾತ್ರ. ಬೆಲೆ ಏರಿಕೆಯ ಮೇಲೆ ಇದೂ ಸೇರಿದರೆ ಗಾಯದ ಮೇಲೆ ಬರೆ ಎಳೆದಂತಲ್ಲವೇ?

ತಡವಾಗಿ ಬಂದವರಿಗೆ ಕಾಲವೂ ಕಡಿಮೆ. ನಿಂಟೆಂಡೊದ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಮಳಿಗೆಯನ್ನು 2023ರ ಮಾರ್ಚ್ 27ರಂದು ಮುಚ್ಚಲಾಯಿತು. ಎಕ್ಸ್‌ಬಾಕ್ಸ್ 360ರದು 2024ರ ಜುಲೈ 29ರಂದು. ಮೊದಲ ವರ್ಷ ಕೊಂಡವರು ಹತ್ತರಿಂದ ಹದಿನೆಂಟು ವರ್ಷ ಆ ಮಳಿಗೆಗಳನ್ನು ಬಳಸಿದ್ದರು. ಕೊನೆಯಲ್ಲಿ ಕೊಂಡವರಿಗೆ ಸಿಕ್ಕಿದ್ದು ಕೆಲವೇ ವರ್ಷ. ಬೆಲೆ ಕಡಿಮೆಯಿದ್ದಾಗ ಈ ವ್ಯತ್ಯಾಸ ನ್ಯಾಯವೆನಿಸುತ್ತಿತ್ತು: ಕಡಿಮೆ ಕಾಲಕ್ಕೆ ಕಡಿಮೆ ಹಣ. ಈಗ ಕಡಿಮೆ ಕಾಲಕ್ಕೆ ಹೆಚ್ಚು ಹಣ ಕೇಳುತ್ತಿದ್ದೀರಿ.

ಆದ್ದರಿಂದ ನನ್ನ ಕೋರಿಕೆಗಳನ್ನು ನಿಮ್ಮ ಮುಂದಿಡುತ್ತೇನೆ. ಅವುಗಳಲ್ಲಿ ಒಂದೂ ನಿಮ್ಮನ್ನು ನಷ್ಟಕ್ಕೆ ತಳ್ಳುವಂಥದ್ದಲ್ಲ.

ಎಲ್ಲಕ್ಕಿಂತ ಮೊದಲು, ಬೆಲೆ ಏರಿಸುವುದು ಅನಿವಾರ್ಯವಾದರೆ ಪ್ರಕಟಣೆಗೂ ಜಾರಿಗೂ ನಡುವೆ ಕನಿಷ್ಠ 60 ದಿನಗಳ ಅವಧಿ ಕೊಡಿ. ಒಂದು ದಿನ, ಎರಡು ದಿನ ಎಂಬುದು ಸೂಚನೆಯಲ್ಲ. ಹೊಟ್ಟೆಬಟ್ಟೆ ಕಟ್ಟಿ 450 ಡಾಲರ್ ಕೂಡಿಸುವ ಹಂತಕ್ಕೆ ಬಂದ ಒಂದು ಕುಟುಂಬಕ್ಕೆ ಬೆಳಗಾಗುವುದರೊಳಗೆ ಇನ್ನೂ 50 ಬೇಕು ಎಂದರೆ ಅದು ಇನ್ನೂ ಒಂದೆರಡು ತಿಂಗಳ ಉಳಿತಾಯ. ಮುಂಚೆ ತಿಳಿಸಿದರೆ ಕಾಳದಂಧೆಯವರು ರಾಶಿರಾಶಿ ಕೊಂಡು ಕೂಡಿಹಾಕುತ್ತಾರೆ ಎಂದು ನೀವು ಹೇಳುವಿರಿ. ಆ ಭಯ ಸಕಾರಣವಾದುದೇ. 2020ರಿಂದ 2022ರವರೆಗಿನ ಕೊರತೆಯ ದಿನಗಳಲ್ಲಿ ತಾನೇ ತಾನಾಗಿ ಖರೀದಿಸುವ ಬಾಟ್ ತಂತ್ರಾಂಶ ಬಳಸಿ ಯಂತ್ರಗಳನ್ನು ಬಾಚಿಕೊಂಡು ದುಪ್ಪಟ್ಟು ಬೆಲೆಗೆ ಮಾರಿದವರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಪರಿಹಾರವೂ ನಿಮ್ಮ ಬಳಿಯೇ ಇದೆ. ಜಪಾನಿನಲ್ಲಿ ಸ್ವಿಚ್ 2ರ ಮೊದಲ ಯಂತ್ರಗಳಿಗಾಗಿ ನಿಂಟೆಂಡೊ ತನ್ನ ಮಳಿಗೆಯಲ್ಲಿ ಲಾಟರಿ ನಡೆಸಿದಾಗ, ಹಳೆಯ ಸ್ವಿಚ್‌ನಲ್ಲಿ ಕನಿಷ್ಠ 50 ಗಂಟೆ ಆಡಿದ್ದು, ಒಟ್ಟು ಒಂದು ವರ್ಷ ಆನ್‌ಲೈನ್ ಸದಸ್ಯತ್ವವನ್ನೂ ಪಡೆದವರು ಮಾತ್ರ ಅರ್ಜಿ ಹಾಕಬಹುದೆಂದು ನಿಯಮ ಮಾಡಿತ್ತು. ಆಡುವವರು ಯಾರು, ಕೂಡಿಹಾಕುವವರು ಯಾರು ಎಂದು ಗುರುತಿಸುವುದು ನಿಮಗೆ ಸಾಧ್ಯ. ಬೆಲೆ ಏರಿಕೆಯ ಸಮಯದಲ್ಲೂ ಒಂದು ಖಾತೆಗೆ ಒಂದು ಯಂತ್ರ ಎಂದು ಹಳೆಯ ಬೆಲೆಗೆ ಕಾದಿರಿಸುವ ಅವಕಾಶವನ್ನು ಕೊಡಬಹುದು.

ಏರಿಕೆಗೆ ಸುಂಕವೋ ಮೆಮೊರಿ ಚಿಪ್‌ನ ಬೆಲೆಯೋ ವಿನಿಮಯ ದರವೋ ಕಾರಣವೆಂದಾದರೆ, ಆ ಕಾರಣ ನಿವಾರಣೆಯಾದಾಗ ಬೆಲೆ ಮರಳಿ ಇಳಿಯುತ್ತದೆಯೇ ಎಂಬುದನ್ನು ಅದೇ ಪ್ರಕಟಣೆಯಲ್ಲಿ ಬರೆಯಿರಿ. "ಸವಾಲಿನ ಆರ್ಥಿಕ ಪರಿಸ್ಥಿತಿ" ಎಂಬಂಥ ಸಾಲು ಯಾವುದಕ್ಕೂ ಬದ್ಧವಾಗುವುದಿಲ್ಲ. ಯಂತ್ರದೊಳಗಿನ ಸಂಗ್ರಹವನ್ನೋ ಬೇರೆ ಸೌಲಭ್ಯವನ್ನೋ ಕಡಿಮೆ ಮಾಡಿದರೆ ಅದನ್ನು ಪೆಟ್ಟಿಗೆಯ ಮುಂಭಾಗದಲ್ಲಿ, ಕಣ್ಣಿಗೆ ಬೀಳುವಂತೆ ಮುದ್ರಿಸಿ. ಯಂತ್ರಕ್ಕೆ ಎಷ್ಟು ವರ್ಷ ಮಳಿಗೆಯ ಸೇವೆ, ಎಷ್ಟು ವರ್ಷ ರಿಪೇರಿಯ ಸೇವೆ ಇರುತ್ತದೆಂದು ಮಾರುವಾಗಲೇ ತಿಳಿಸಿ. ಐದನೇ ವರ್ಷದಲ್ಲಿ ಕೊಳ್ಳುವವನಿಗೆ ಈ ಮಾಹಿತಿ ಬೆಲೆಯಷ್ಟೇ ಮುಖ್ಯ.

ಕೊನೆಯದಾಗಿ, ಪ್ರತಿ ಪೀಳಿಗೆಯಲ್ಲಿಯೂ ಒಂದು ಮಾದರಿಯನ್ನಾದರೂ ಬಿಡುಗಡೆಯ ಬೆಲೆಗಿಂತ ಮೇಲೆ ಹೋಗದಂತೆ ಉಳಿಸಿಕೊಳ್ಳಿ. ಎಲ್ಲ ಮಾದರಿಗಳ ಬೆಲೆಯೂ ಇಳಿಯಲಿ ಎಂದು ಕೇಳುವ ಕಾಲ ಇದಲ್ಲವೆಂದು ನನಗೆ ಗೊತ್ತು. ದುಬಾರಿ ಮಾದರಿಗಳಿಂದ ನಿಮಗೆ ಬೇಕಾದ ಲಾಭ ಪಡೆಯಿರಿ. ಆ ಬೆಲೆ ಕೊಡಬಲ್ಲವರು ಕೊಡಲಿ. ಆದರೆ ಸೀರೀಸ್ ಎಸ್‌ನಂತಹ, ಡಿಜಿಟಲ್ ಮಾದರಿಯಂತಹ ಪ್ರವೇಶದ ಬಾಗಿಲನ್ನು ಮೊದಲು ಹೇಳಿದ ಬೆಲೆಗೇ ತೆರೆದಿಡಿ. ಮುಂದಿನ ಪೀಳಿಗೆಯ ಯಂತ್ರಗಳ ಸಿದ್ಧತೆಯಲ್ಲಿ ನೀವು ಇರುವ ಈ ಹೊತ್ತಿನಲ್ಲಿ, ಅವುಗಳ ಬೆಲೆಯನ್ನು ಸಾರುವ ದಿನವೇ ಈ ಭರವಸೆಯನ್ನೂ ಸೇರಿಸಿ ಹೇಳುವುದಾದರೆ ನಾವು ಎಷ್ಟು ಕಾಯಬೇಕು, ಎಷ್ಟು ಕೂಡಿಸಬೇಕು ಎಂದು ಲೆಕ್ಕ ಹಾಕಿಕೊಳ್ಳಬಲ್ಲೆವು.

ಈ ಪತ್ರಕ್ಕೆ ಖಾಸಗಿ ಉತ್ತರವನ್ನು ನಾನು ಬಯಸುವುದಿಲ್ಲ. ಕಡೇಪಕ್ಷ 60 ದಿನಗಳ ಸೂಚನೆಯ ಕೋರಿಕೆಗೆ ಒಪ್ಪುತ್ತೀರೋ ಇಲ್ಲವೋ, ಒಪ್ಪದಿದ್ದರೆ ಏಕೆ ಎಂಬುದನ್ನು ಮೂರೂ ಕಂಪನಿಗಳು ಎಲ್ಲ ಗ್ರಾಹಕರಿಗೂ ತಿಳಿಯುವಂತೆ ಬಹಿರಂಗವಾಗಿಯೇ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕಾದು ಕೊಳ್ಳುವ ಗ್ರಾಹಕರಲ್ಲೊಬ್ಬ